‘ನಾಲ್ಕನೆಯ ತರಗತಿ ತಾನೇ!’ ಎನ್ನುವ ಹೆತ್ತವರಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ವಾರ ನಮ್ಮ ಸಮುದಾಯಕ್ಕೆ ಶಿಕ್ಷಣದ ನೆನಪಾಗುತ್ತದೆ. ಹೆಚ್ಚು ಅಂಕ ಪಡೆದವರಿಗೆ ಶಾಲು, ಹಾರ ಮತ್ತು ನಗದು ಬಹುಮಾನ, ವೇದಿಕೆಯ ಮೇಲೆ ಗಣ್ಯರ ಸಾಲು. ಅನುತ್ತೀರ್ಣರಾದವರ ಬಗ್ಗೆ ಒಂದು ನಿಟ್ಟುಸಿರು. ಅಲ್ಲಿಗೆ ಆ ವರ್ಷದ ಶೈಕ್ಷಣಿಕ ಕಾಳಜಿ ಮುಗಿಯಿತು. ಹತ್ತನೆಯ ತರಗತಿಯಲ್ಲಿ ಎಡವುವ ಮಗು ಆರು ವರ್ಷಗಳ ಹಿಂದೆಯೇ, ನಾಲ್ಕನೆಯ ತರಗತಿಯ ಹಿಂದಿನ ಸಾಲಿನಲ್ಲಿ, ಸದ್ದಿಲ್ಲದೆ ಹಿಂದುಳಿದಿರಬಹುದು ಎಂಬ ಮಾತನ್ನು ಆ ವೇದಿಕೆಗಳಲ್ಲಿ ಯಾರೂ ಆಡುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಮುಸ್ಲಿಮ್ ಮೊಹಲ್ಲಾಗಳ ಹೆತ್ತವರೊಡನೆ ನಾವು ಇಂದು ಮಾತನಾಡಬೇಕಾದದ್ದು ಈ ನಾಲ್ಕನೆಯ ತರಗತಿಯ ಬಗ್ಗೆಯೇ.

ಆ ವರ್ಷಕ್ಕೇಕೆ ಇಷ್ಟು ಮಹತ್ವ? ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ‘ನಲಿ-ಕಲಿ’ ಪದ್ಧತಿಯಿದೆ. ಮಗು ಕಾರ್ಡುಗಳನ್ನು ಹಿಡಿದು, ಗುಂಪಿನಲ್ಲಿ ಕೂತು, ತನ್ನ ವೇಗದಲ್ಲಿ ಕಲಿಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ಈ ಪದ್ಧತಿ ಮಕ್ಕಳ ಮನಸ್ಸಿನಿಂದ ಶಾಲೆಯ ಭಯವನ್ನು ಓಡಿಸಿತು. ಆದರೆ ನಾಲ್ಕನೆಯ ತರಗತಿಯ ಬಾಗಿಲಲ್ಲಿ ಕಾರ್ಡುಗಳು ಮುಗಿಯುತ್ತವೆ. ಪಠ್ಯಪುಸ್ತಕ ಕೈಗೆ ಬರುತ್ತದೆ, ತರಗತಿಯೆಲ್ಲ ಒಂದೇ ಪಾಠವನ್ನು ಒಂದೇ ವೇಗದಲ್ಲಿ ಓದಬೇಕಾಗುತ್ತದೆ. ಮೂರರ ತನಕ ಅಕ್ಷರವೇ ಪಾಠವಾಗಿತ್ತು. ನಾಲ್ಕರಲ್ಲಿ ಅಕ್ಷರ ಬರುತ್ತದೆಂದು ಭಾವಿಸಿಯೇ ಪಾಠ ಆರಂಭವಾಗುತ್ತದೆ. ತಡವರಿಸುವ ಮಗುವಿಗೆ ಪರಿಸರ ಅಧ್ಯಯನವೂ ಕಷ್ಟ, ಗಣಿತದ ಪ್ರಶ್ನೆಯೂ ಕಷ್ಟ. ಲೆಕ್ಕ ಗೊತ್ತಿದ್ದರೂ ಪ್ರಶ್ನೆಯ ವಾಕ್ಯ ಅರ್ಥವಾಗದು.

ಹಾಗಾದರೆ ಈ ವರ್ಷ ಹೆತ್ತವರು ಏನನ್ನು ನಿರೀಕ್ಷಿಸಬೇಕು? ಮೊದಲನೆಯದು, ಹಿಂದೆಂದೂ ನೋಡದ ಒಂದು ಪುಟವನ್ನು ಮಗು ತೊದಲದೆ ಓದಿ, ಅದರಲ್ಲಿ ಏನಿದೆಯೆಂದು ತನ್ನ ಮಾತಿನಲ್ಲಿ ಹೇಳಬೇಕು. ಎರಡನೆಯದು, ಕಪ್ಪುಹಲಗೆಯಿಂದ ನಕಲು ಮಾಡದೆ ತಾನಾಗಿಯೇ ಐದಾರು ವಾಕ್ಯಗಳನ್ನು ಬರೆಯಬೇಕು. ಮೂರನೆಯದು, ಸಾವಿರದ ಸಂಖ್ಯೆಗಳನ್ನು ಕೂಡಿ ಕಳೆಯುವುದು, ಗುಣಾಕಾರ, ಭಾಗಾಕಾರ, ಅರ್ಧ ಕಾಲು ಎಂಬ ಭಿನ್ನರಾಶಿಯ ತಿಳಿವಳಿಕೆ, ಗಡಿಯಾರ, ತೂಕ, ಅಳತೆ ಮತ್ತು ಹಣದ ಲೆಕ್ಕ. ಇದನ್ನು ಪರೀಕ್ಷಿಸಲು ತಂದೆ ಪದವೀಧರನಾಗಬೇಕಿಲ್ಲ. ಅಂಗಡಿಯ ಚೀಟಿಯನ್ನು ಮಗುವಿನ ಕೈಗಿತ್ತು ಓದಿಸಿರಿ. ಐನೂರರ ನೋಟಿಗೆ ಎಷ್ಟು ಚಿಲ್ಲರೆ ಬರಬೇಕೆಂದು ಕೇಳಿರಿ. ಓದು ಬಾರದ ತಾಯಿಗೂ ಮಗು ಸರಾಗವಾಗಿ ಓದುತ್ತಿದೆಯೋ ತಡವರಿಸುತ್ತಿದೆಯೋ ಎಂಬುದು ಕಿವಿಗೇ ತಿಳಿಯುತ್ತದೆ.

“ನಮ್ಮ ಹುಡುಗ ಪ್ರತಿವರ್ಷ ಪಾಸಾಗುತ್ತಿದ್ದಾನೆ, ಮತ್ತೇನು ಬೇಕು?” ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯೇ ದೊಡ್ಡ ಮೋಸದ ಮೂಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಮಗುವನ್ನು ಅನುತ್ತೀರ್ಣಗೊಳಿಸಿ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದನ್ನು ನಿಷೇಧಿಸಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಿಗೆ ಮಾತ್ರ ಪರೀಕ್ಷೆಯ ದಾರಿ ತೆರೆಯಿತು. ಆದ್ದರಿಂದ ನಾಲ್ಕರಿಂದ ಐದಕ್ಕೆ ಎಲ್ಲರೂ ಹೋಗುತ್ತಾರೆ. ಕಾಯ್ದೆಯ ಉದ್ದೇಶ ಒಳ್ಳೆಯದು. ಒಂಬತ್ತರ ಮಗುವಿನ ಹಣೆಗೆ ಸೋಲಿನ ಪಟ್ಟಿ ಹಚ್ಚುವುದರಿಂದ ಯಾರಿಗೂ ಲಾಭವಿಲ್ಲ. ಆದರೆ ‘ಪಾಸು’ ಎಂಬ ಪದ ಕಲಿಕೆಯ ಸಾಕ್ಷಿಯಲ್ಲ ಎಂಬುದು ಹೆತ್ತವರಿಗೆ ತಿಳಿದಿರಬೇಕು. ಗ್ರಾಮೀಣ ಭಾರತದಲ್ಲಿ ನಡೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಐದನೆಯ ತರಗತಿಯ ಮಕ್ಕಳು 2018ರಲ್ಲಿ ಶೇ. 50.5 ಇದ್ದರು. ಕೋವಿಡ್‌ನ ಬಳಿಕ 2022ರಲ್ಲಿ ಅದು ಶೇ. 42.8ಕ್ಕೆ ಇಳಿಯಿತು, 2024ರಲ್ಲಿ ಶೇ. 48.8ಕ್ಕೆ ಏರಿತು. ಅಂದರೆ ಐದಕ್ಕೆ ಹೋದ ಇಬ್ಬರಲ್ಲಿ ಒಬ್ಬ ಎರಡನೆಯ ತರಗತಿಯ ಪುಸ್ತಕ ಓದಲಾರ. ಪೇಟೆಯಲ್ಲಿದ್ದೇವೆ ಎಂಬ ಕಾರಣಕ್ಕೆ ನಮ್ಮ ಮಕ್ಕಳು ಆ ಲೆಕ್ಕದಿಂದ ಹೊರಗುಳಿದಿದ್ದಾರೆಂದು ಸಮಾಧಾನಪಟ್ಟುಕೊಳ್ಳಲು ಆಧಾರವಿದೆಯೇ? ಶಾಲೆಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಆ ಉತ್ತರಪತ್ರಿಕೆಗಳನ್ನು ಕೇಳಿ ನೋಡಿದ ಹೆತ್ತವರೆಷ್ಟು ಮಂದಿ?

ಇನ್ನೊಂದು ಲೆಕ್ಕವೂ ಇದೆ. ನವೋದಯ ವಿದ್ಯಾಲಯದ ಆರನೆಯ ತರಗತಿಗೆ ಸೇರಲು ಬರೆಯುವ ಪರೀಕ್ಷೆ ಐದನೆಯ ತರಗತಿಯಲ್ಲಿರುವಾಗಲೇ ನಡೆಯುತ್ತದೆ. ಎಂಬತ್ತು ಪ್ರಶ್ನೆಗಳು: ನಲವತ್ತು ಮಾನಸಿಕ ಸಾಮರ್ಥ್ಯಕ್ಕೆ, ಇಪ್ಪತ್ತು ಅಂಕಗಣಿತಕ್ಕೆ, ಇಪ್ಪತ್ತು ಭಾಷೆಗೆ. ಕನ್ನಡದಲ್ಲಿಯೂ ಬರೆಯಬಹುದು, ಉರ್ದುವಿನಲ್ಲಿಯೂ ಬರೆಯಬಹುದು. ಅಲ್ಲಿ ಕನಿಷ್ಠ ಶೇ. 75 ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲಾಗಿರುವುದರಿಂದ ಪೇಟೆಯ ಮಕ್ಕಳಿಗೆ ಪೈಪೋಟಿ ಇನ್ನೂ ತೀವ್ರ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶವೂ ಆರನೆಯ ತರಗತಿಗೇ. ಉಚಿತ ವಸತಿ, ಊಟ ಮತ್ತು ಶಿಕ್ಷಣದ ಈ ಬಾಗಿಲುಗಳು ಬಡವರ ಮಕ್ಕಳಿಗಾಗಿಯೇ ತೆರೆದಿವೆ. ಐದರಲ್ಲಿ ಅರ್ಜಿ ತುಂಬಿಸಿ ಕೋಚಿಂಗಿಗೆ ಅಲೆಯುವವರು, ನಾಲ್ಕರಲ್ಲಿ ಭಾಗಾಕಾರ ಕಲಿಯದ ಮಗುವಿಗೆ ಮೂರು ತಿಂಗಳಲ್ಲಿ ಯಾವ ಕೋಚಿಂಗ್ ನೆರವಾದೀತೆಂದು ಯೋಚಿಸುವುದಿಲ್ಲ.

ಇನ್ನು ಭಾಷೆಯ ಪ್ರಶ್ನೆ. ನಮ್ಮ ಭಾಗದ ಮುಸ್ಲಿಮ್ ಮಗುವಿಗೆ ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಕನಸಿನಲ್ಲಿ ಇಂಗ್ಲಿಷ್. ಸರಕಾರ 1994ರಲ್ಲಿ ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಆದೇಶಿಸಿತು. ಆ ವ್ಯಾಜ್ಯ 2014ರ ಮೇ 6ರಂದು ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠದಲ್ಲಿ ಮುಗಿಯಿತು. ಮಾಧ್ಯಮದ ಆಯ್ಕೆ ಹೆತ್ತವರದು ಎಂದು ತೀರ್ಪಾಯಿತು. ಹಕ್ಕು ಸಿಕ್ಕಿತು, ಆದರೆ ಹಕ್ಕಿನ ಜೊತೆಗೆ ಬರುವ ಹೊಣೆಯನ್ನು ಯಾರು ಹೊತ್ತರು? ಉರ್ದು ಶಾಲೆಗೆ ಕಳುಹಿಸಿದ ತಂದೆ ಕನ್ನಡ ಕಲಿಸುವುದನ್ನು ಮರೆತ. ಮುಂದೆ ಪ್ರೌಢಶಾಲೆಯಲ್ಲಿ, ತಾಲೂಕು ಕಚೇರಿಯಲ್ಲಿ, ಉದ್ಯೋಗದ ಪರೀಕ್ಷೆಯಲ್ಲಿ ಆ ಮಗು ಮೂಕನಾಗುತ್ತದೆ. ಕಾನ್ವೆಂಟಿಗೆ ಕಳುಹಿಸಿದ ತಂದೆ ಟೈ ಮತ್ತು ಬೂಟನ್ನು ಕಂಡು ತೃಪ್ತನಾದ. ಮಗು ಇಂಗ್ಲಿಷಿನ ಉತ್ತರಗಳನ್ನು ಅರ್ಥವರಿಯದೆ ಕಂಠಪಾಠ ಮಾಡುತ್ತಿರುವುದು ಅವನ ಗಮನಕ್ಕೆ ಬರಲಿಲ್ಲ. ಉರ್ದು ನಮ್ಮ ಹೆಮ್ಮೆ, ಅದು ಉಳಿಯಬೇಕು. ಆದರೆ ಕನ್ನಡವನ್ನು ಪರರ ಭಾಷೆಯೆಂದು ದೂರವಿಡುವುದಕ್ಕೆ ಇಸ್ಲಾಮಿನಲ್ಲಿ ಯಾವ ಸಮರ್ಥನೆಯೂ ಇಲ್ಲ. ತರುಣ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಗಳ ಬರವಣಿಗೆಯನ್ನು ಕಲಿಯಲು ಪ್ರವಾದಿ(ಸ)ಯವರು ಆದೇಶಿಸಿದ್ದು, ಅವರು ಅದನ್ನು ಅಲ್ಪಾವಧಿಯಲ್ಲೇ ಕಲಿತದ್ದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ನೆರೆಹೊರೆಯ ಸಮುದಾಯದ ಲಿಪಿಯನ್ನು ಕಲಿಯುವುದು ಪ್ರವಾದಿ ಸಂಗಾತಿಯೊಬ್ಬರ ಮಾದರಿ. ನಾವು ಹುಟ್ಟಿ ಬೆಳೆದ ನಾಡಿನ ನುಡಿಯ ವಿಷಯದಲ್ಲಿ ಈ ಹೊಣೆ ಇನ್ನೆಷ್ಟು ಹೆಚ್ಚಿನದು!

ಶಿಡ್ಲಘಟ್ಟದ ಹೆತ್ತವರಿಗೆ ಒಂದು ಕಟುಮಾತು ಹೇಳಲೇಬೇಕಾಗಿದೆ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ನಾಡಿನಲ್ಲೇ ಪ್ರಸಿದ್ಧ. ನೂಲು ಬಿಚ್ಚಾಣಿಕೆಯ ಕಸುಬು ನೂರಾರು ಮುಸ್ಲಿಮ್ ಕುಟುಂಬಗಳ ಅನ್ನ. ಗೂಡಿನ ಬೆಲೆ ಏರಿ ನೂಲಿನ ಬೆಲೆ ಇಳಿದಾಗ ರೀಲರ್‌ನ ಮನೆಯಲ್ಲಿ ಒಲೆ ಉರಿಯುವುದು ಕಷ್ಟವೆಂಬುದನ್ನು ನಾವು ಬಲ್ಲೆವು. ಆದರೆ ಆ ನಷ್ಟವನ್ನು ಒಂಬತ್ತು ವರ್ಷದ ಮಗುವಿನ ಬೆರಳುಗಳಿಂದ ತುಂಬಿಸಿಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿ ಲೋಕದ ಮುಂದೆ ನಮ್ಮ ತಲೆ ತಗ್ಗಿಸುವಂತೆ ಮಾಡಿತು. ಆ ಬಳಿಕ ಪರಿಸ್ಥಿತಿ ಸುಧಾರಿಸಿರಬಹುದು. ಆದರೆ “ಶಾಲೆ ಬಿಟ್ಟ ಮೇಲೆ ಸ್ವಲ್ಪ ಕೈಜೋಡಿಸುತ್ತಾನೆ” ಎಂಬ ಮಾತು ಇನ್ನೂ ಕೇಳಿಬರುತ್ತಿದೆ. 2016ರ ತಿದ್ದುಪಡಿಯು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿತು. ಅಪಾಯಕಾರಿಯಲ್ಲದ ಮನೆಯ ಕಸುಬಿಗೆ ಮಾತ್ರ, ಅದೂ ಶಾಲೆಯ ನಂತರ ಅಥವಾ ರಜೆಯಲ್ಲಿ, ನೆರವಾಗಬಹುದೆಂದು ವಿನಾಯಿತಿ ನೀಡಿತು. ಕುದಿಯುವ ನೀರು, ಹುಳುವಿನ ದುರ್ವಾಸನೆ ಮತ್ತು ಹೊಗೆಯ ನಡುವೆ ಮಗುವನ್ನು ನಿಲ್ಲಿಸುವುದಕ್ಕೆ ಈ ವಿನಾಯಿತಿಯನ್ನು ನೆಪ ಮಾಡಿಕೊಳ್ಳುವುದು ಅಲ್ಲಾಹನ ಮುಂದೆ ಉತ್ತರವಾಗಲಾರದು. ಚಿಂತಾಮಣಿಯ ಗ್ಯಾರೇಜಿಗೂ ಚಿಕ್ಕಬಳ್ಳಾಪುರದ ಹಣ್ಣಿನ ಗಾಡಿಗೂ ಇದೇ ಮಾತು ಅನ್ವಯಿಸುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಅನ್ಯಾಯ ಇನ್ನೂ ಸೂಕ್ಷ್ಮವಾದದ್ದು. ಶಾಲೆಯಿಂದ ಅವಳನ್ನು ಬಿಡಿಸುವುದು ಏಳನೆಯ ತರಗತಿಯ ನಂತರವಾದರೂ, ಮನಸ್ಸಿನಲ್ಲಿ ಬಿಡಿಸುವುದು ನಾಲ್ಕರಲ್ಲೇ. ತಮ್ಮನನ್ನು ಎತ್ತಿಕೊಳ್ಳುವುದು, ಪಾತ್ರೆ ತೊಳೆಯುವುದು, ಬಂಧುಗಳ ಮದುವೆಯೆಂದು ವಾರಗಟ್ಟಲೆ ಗೈರುಹಾಜರಿ, ಮುರುಗಮಲ್ಲದ ಉರೂಸಿಗೆಂದು ಮತ್ತಷ್ಟು ದಿನ. ಅಣ್ಣನಿಗೆ ಟ್ಯೂಷನ್, ಅವಳಿಗೆ ಅಡುಗೆಮನೆ. ವಿದ್ಯಾರ್ಜನೆಯನ್ನು ಕಡ್ಡಾಯಗೊಳಿಸಿದ ಧರ್ಮ ಗಂಡು ಹೆಣ್ಣೆಂದು ಭೇದವೆಣಿಸಿಲ್ಲ ಎಂದು ಭಾಷಣ ಮಾಡುವವರು ತಮ್ಮ ಮನೆಯ ಹಾಜರಿಯನ್ನು ಒಮ್ಮೆ ಎಣಿಸಿ ನೋಡಲಿ.

ಸರಕಾರದ ಪಾಲನ್ನು ಮರೆಯುವುದು ನ್ಯಾಯವಲ್ಲ. 2006ರ ಸಾಚಾರ್ ಸಮಿತಿಯ ವರದಿ, ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಶಾಲೆಗೇ ಹೋಗಿಲ್ಲ ಅಥವಾ ಮಧ್ಯದಲ್ಲೇ ಬಿಟ್ಟಿದ್ದಾರೆಂದು ಹೇಳಿತು. ಮುಸ್ಲಿಮರು ಮಕ್ಕಳನ್ನು ಮದ್ರಸಕ್ಕೇ ಕಳುಹಿಸುತ್ತಾರೆಂಬ ಅಪಪ್ರಚಾರವನ್ನೂ ಅದು ಸುಳ್ಳೆಂದು ತೋರಿಸಿತು. ಪೂರ್ಣಾವಧಿ ಮದ್ರಸದಲ್ಲಿರುವವರು ಶೇ. ನಾಲ್ಕನ್ನೂ ಮೀರಿರಲಿಲ್ಲ. ಅದರ ಫಲವಾಗಿ 2008ರಲ್ಲಿ ಬಂದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022-23ರಿಂದ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಸೀಮಿತಗೊಳಿಸಿತು. ಶಿಕ್ಷಣ ಹಕ್ಕು ಕಾಯ್ದೆಯಿಂದ ಎಂಟರವರೆಗೆ ಶಿಕ್ಷಣ ಉಚಿತವಾಗಿದೆ ಎಂಬುದು ಕೊಟ್ಟ ಕಾರಣ. ನೋಟ್‌ಪುಸ್ತಕ, ಚಪ್ಪಲಿ, ಆಟೋ ಬಾಡಿಗೆಯೂ ಉಚಿತವೇ? ಸಣ್ಣ ಮೊತ್ತವಾದರೂ ಅದು ಮಗುವಿನ ಹೆಸರಿಗೆ ಬರುತ್ತಿತ್ತು, ಶಾಲೆಯನ್ನು ಬಿಡಿಸುವ ಮುನ್ನ ಬಡ ತಂದೆ ಒಮ್ಮೆ ಯೋಚಿಸುವಂತೆ ಮಾಡುತ್ತಿತ್ತು.

2022ರಲ್ಲಿ ಹಿಜಾಬಿನ ಹಕ್ಕಿಗಾಗಿ, 2023ರ ಮಾರ್ಚ್‌ನಲ್ಲಿ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಿದಾಗ, ಸಮುದಾಯ ಧ್ವನಿಯೆತ್ತಿತು. ಎತ್ತಬೇಕಾದದ್ದೇ. ಆದರೆ ಆ ಮೀಸಲಾತಿಯ ಸೀಟಿನವರೆಗೆ ತಲುಪುವುದು ನಾಲ್ಕನೆಯ ತರಗತಿಯನ್ನು ದಾಟಿದ ಮಗು ಮಾತ್ರ. ಒಂದರಿಂದ ಎಂಟರವರೆಗಿನ ವಿದ್ಯಾರ್ಥಿವೇತನ ನಿಂತಾಗ ಎಷ್ಟು ಮನವಿಪತ್ರಗಳು ಜಿಲ್ಲಾಧಿಕಾರಿಯ ಕಚೇರಿ ತಲುಪಿದವು? ನಾಯಕರು ಉತ್ತರಿಸಲಿ.

ಪರಿಹಾರ ದೂರದಲ್ಲಿಲ್ಲ. ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಹೆತ್ತವರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಎಸ್‌ಡಿಎಂಸಿ ಸಭೆಗೆ ಹೋಗಿ, ಖಾಲಿಯಿರುವ ಶಿಕ್ಷಕರ ಹುದ್ದೆಯನ್ನು ಪ್ರಶ್ನಿಸಿರಿ, ಸಹಿ ಹಾಕುವ ಮುನ್ನ ಓದಿರಿ. ಪ್ರತಿಯೊಂದು ಮಸೀದಿಯ ಜಮಾಅತ್ ತನ್ನ ಮೊಹಲ್ಲಾದ ನಾಲ್ಕನೆಯ ತರಗತಿಯ ಮಕ್ಕಳ ಪಟ್ಟಿ ಮಾಡಲಿ. ಮಗ್ರಿಬ್ ಮತ್ತು ಇಶಾದ ನಡುವಿನ ಒಂದು ಗಂಟೆ ಮದ್ರಸದ ಕೊಠಡಿಯಲ್ಲಿ ಅವರಿಗೆ ಕನ್ನಡ ಓದು ಮತ್ತು ಲೆಕ್ಕವನ್ನು ಹೇಳಿಕೊಡಲಿ. ಕಲಿಸಲು ಮೊಹಲ್ಲಾದಲ್ಲೇ ಪದವಿ ಮುಗಿಸಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಓದುಬರಹ ಬಲ್ಲವರು ತಲಾ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದನ್ನೇ ಬಿಡುಗಡೆಯ ಪರಿಹಾರಧನವಾಗಿ ಸ್ವೀಕರಿಸಿದ ಚರಿತ್ರೆ ನಮ್ಮದು. ಖಜಾನೆಗೆ ಹಣದ ಅಗತ್ಯವಿದ್ದ ದಿನಗಳಲ್ಲಿ ಹಣಕ್ಕಿಂತ ಮಕ್ಕಳ ಅಕ್ಷರ ಬೆಲೆಯುಳ್ಳದ್ದೆಂದು ತೀರ್ಮಾನಿಸಿದವರ ಅನುಯಾಯಿಗಳು ನಾವು.

ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾದರು. ಅವರ ವಿಚಾರಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ಆದರೆ ಇದೇ ಮಣ್ಣಿನ ಹಳ್ಳಿಶಾಲೆಯಿಂದ ಅಷ್ಟು ದೂರ ಹೋಗಬಹುದೆಂಬುದಕ್ಕೆ ಅವರು ಸಾಕ್ಷಿ. ಬಡತನದ ನೆಪ ಹೇಳುವ ಮುನ್ನ ಅವರ ಹೆಸರನ್ನು ನೆನಪಿಸಿಕೊಳ್ಳೋಣ. ಇಂದು ರಾತ್ರಿ ಊಟದ ಬಳಿಕ ಟಿ.ವಿ. ಮತ್ತು ಮೊಬೈಲನ್ನು ಬದಿಗಿರಿಸಿ ನಾಲ್ಕನೆಯ ತರಗತಿಯ ಮಗುವನ್ನು ಪಕ್ಕದಲ್ಲಿ ಕೂರಿಸಿ, ಒಂದು ಪುಟ ಓದಿಸಿರಿ. ಸರಾಗವಾಗಿ ಓದಿದರೆ ಅಲ್ಲಾಹನನ್ನು ಸ್ತುತಿಸಿರಿ. ತಡವರಿಸಿದರೆ ಗದರಬೇಡಿರಿ, ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಶಾಲೆಗೆ ಹೋಗಿ ಶಿಕ್ಷಕರನ್ನು ಕಾಣಿರಿ.