ರಾಕಿ ಭಾಯ್ ಇಲ್ಲದ ಕೆಜಿಎಫ್

ನನ್ನ ಕ್ಲಾಸ್‌ಮೇಟ್ ಒಬ್ಬನ ಊರು ಕೆಜಿಎಫ್. ಫಸ್ಟ್ ಇಯರ್‌ನಲ್ಲಿ ಅವನು ಊರಿನ ಹೆಸರು ಹೇಳಿದ ತಕ್ಷಣ ಇಡೀ ಕ್ಲಾಸ್ "ರಾಕಿ ಭಾಯ್" ಅಂತ ಕೂಗಿತು. ನಾನೂ ಕೂಗಿದ್ದೆ. ಆಮೇಲೊಂದು ದಿನ ಬನಶಂಕರಿಯಲ್ಲಿ ಟೀ ಕುಡಿಯುವಾಗ ಅವನು ಹೇಳಿದ: "ನಮ್ಮ ತಾತ ಗಣಿಯಲ್ಲಿ ಕೆಲಸ ಮಾಡ್ತಿದ್ರು ಮಗಾ. ಅವರ ಬಗ್ಗೆ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ."

2018ರ ಆ ಸಿನಿಮಾ ನನಗೂ ಇಷ್ಟ. ಇಡೀ ದೇಶ ಕನ್ನಡ ಸಿನಿಮಾ ಕಡೆ ತಿರುಗಿ ನೋಡಿತಲ್ಲ, ಆ ಹೆಮ್ಮೆಯೂ ಇದೆ. ಆದರೆ ಅದು ಕಟ್ಟುಕಥೆ. ಎಂಜಿನಿಯರಿಂಗ್ ಓದುವ ನಮಗೆ ನಿಜವಾದ ಕೆಜಿಎಫ್ ಕಥೆ ಇನ್ನೂ ರೋಚಕ ಅನ್ನಿಸಬೇಕು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟ್ ಹೋಯಿತು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ! ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗಿಂತ ಜಾಸ್ತಿ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು 1965ರಲ್ಲಿ ಮೊದಲು ಪತ್ತೆ ಮಾಡಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಅಲ್ಲೇ, ನೆಲದೊಳಗೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರೇ ಗಣಿಗಾಗಿ ಹುಟ್ಟಿದ್ದು. ಈಗ ಸಾವಿರಾರು ಜನ ಬೆಳಗಿನ ಜಾವ ಮಾರಿಕುಪ್ಪಂ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ, ರಾತ್ರಿ ವಾಪಸ್ ಹೋಗ್ತಾರೆ. 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯ ಕಚೇರಿ ಕೂಡ ಬನಶಂಕರಿ ಎರಡನೇ ಹಂತಕ್ಕೆ ಬಂತು. ಚಿನ್ನ ಹೋಯಿತು, ಕೆಲಸ ಹೋಯಿತು, ವಿದ್ಯೆಯೂ ನಮ್ಮ ಏರಿಯಾಗೆ ಬಂತು. ಊರಿಗೆ ಉಳಿದದ್ದು ಸೈನೈಡ್ ದಿಬ್ಬ. ಅದೂ ಸಿನಿಮಾ ಸೆಟ್ ಆಯಿತು.

"ಸಿನಿಮಾ ಬರದಿದ್ದರೆ ಆ ಊರನ್ನ ಯಾರು ನೆನೀತಿದ್ರು?" ಅಂತ ನೀವು ಕೇಳಬಹುದು. ಸರಿ, ಒಪ್ತೀನಿ. ಆದರೆ ಹೆಸರು ಬಂದರೆ ಸಾಕಾ? ಜರ್ಮನಿಯ ಎಸ್ಸೆನ್‌ನಲ್ಲಿ ಜೊಲ್‌ವರೈನ್ ಅನ್ನೋ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿತು. ಅದರ ಬಾಯ್ಲರ್ ಹೌಸ್ ಈಗ ಡಿಸೈನ್ ಮ್ಯೂಸಿಯಂ. ಆ ಗಣಿ ಯುನೆಸ್ಕೊ ಪಟ್ಟಿಗೆ ಸೇರಿದ್ದು 2001ರಲ್ಲಿ, ನಮ್ಮ ಗಣಿಗೆ ಬೀಗ ಬಿದ್ದ ಅದೇ ವರ್ಷ. ಅಲ್ಲಿ ಕಲೆ ಊರೊಳಗೆ ಬಂದು ಉಳಿಯಿತು. ಇಲ್ಲಿ ಬಂದು, ಶೂಟಿಂಗ್ ಮುಗಿಸಿ ಹೋಯಿತು.

ಮ್ಯೂಸಿಯಂ ಕಟ್ಟೋದು ನಮ್ಮ ಕೈಲಿ ಆಗಲ್ಲ. ಆದರೆ ನಮ್ಮ ಕನ್ನಡ ಸಂಘ ಒಂದು ಭಾನುವಾರ ಆ ರೈಲು ಹತ್ತಬಹುದು. ಗಣಿಯೊಳಗೆ ಇಳಿದವರ ಮಾತನ್ನು ಫೋನ್‌ನಲ್ಲೇ ರೆಕಾರ್ಡ್ ಮಾಡಬಹುದು. ಅವರಲ್ಲಿ ತುಂಬಾ ಜನ ತಮಿಳು ಮಾತಾಡ್ತಾರೆ. ಮಾತಾಡಲಿ, ನಾವು ಕನ್ನಡದಲ್ಲಿ ಸಬ್‌ಟೈಟಲ್ ಹಾಕೋಣ. ಕನ್ನಡ ಸಂಘ ಅಂದರೆ ಕನ್ನಡದಲ್ಲಿ ಹೇಳಿದ ಕಥೆ ಮಾತ್ರ ಕೇಳಬೇಕು ಅಂತೇನಿಲ್ಲವಲ್ಲ.

ಫ್ರೆಂಡ್‌ನ ತಾತನಿಗೆ ಈಗ 78 ವರ್ಷ. ಮುಂದಿನ ಸೆಮ್ ನೋಡೋಣ ಅನ್ನೋದು ಬೇಡ.