ಅಡಿಕೆಯ ಧಾರಣೆಯೂ ನಮ್ಮ ನಾಳೆಯೂ

“ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆ ಕಟ್ಟಿದವರಿಗೆ ಅಡಿಕೆಯೆಂದರೆ ಅತ್ಯಲ್ಪವಾದ ವಸ್ತು. ಆದರೆ ಪುತ್ತೂರು, ಸುಳ್ಯ, ಕಡಬದ ಮಣ್ಣಿನಲ್ಲಿ ಹುಟ್ಟಿ ಬೆಳೆದ ನಮಗೆ ಅದು ಅಲ್ಪವಲ್ಲ. ಇಲ್ಲಿ ಮದುವೆ ನಿಶ್ಚಯವಾಗುವುದು, ಮನೆಗೆ ಹೊಸ ಮಾಡು ಏರುವುದು, ಮಕ್ಕಳು ಕಾಲೇಜು ಸೇರುವುದು ಎಲ್ಲವೂ ಅಡಿಕೆಯ ಧಾರಣೆಯನ್ನು ನೋಡಿಕೊಂಡೇ. ಈ ಧಾರಣೆಯನ್ನು ಏರಿಸುವವರು ಯಾರು, ಇಳಿಸುವವರು ಯಾರು ಎಂದು ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ವಿಚಾರಿಸುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಮೊದಲು ನನ್ನ ಮನೆಯ ಮಾತು. ನಮಗೆ ತೋಟವಿಲ್ಲ. ಅಪ್ಪ ಮಳೆಗಾಲದಲ್ಲಿ ಮರವೇರಿ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. ಅಮ್ಮ ತೋಟದವರ ಅಂಗಳದಲ್ಲಿ ಕುಳಿತು ಅಡಿಕೆ ಸುಲಿಯುತ್ತಾರೆ. ಕಿಲೋ ಲೆಕ್ಕದ ಕೂಲಿ. ಈ ಮನೆಯಿಂದ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ಒಂದು ವರ್ಷ ಧಾರಣೆ ಇಳಿಯಿತು. “ಸ್ವಲ್ಪ ಕಾದು ನೋಡುವ” ಎಂದು ತೋಟದ ಧಣಿಗಳು ಒಣಗಿದ ಅಡಿಕೆಯನ್ನು ಸುಲಿಸದೆ ಅಟ್ಟಕ್ಕೇರಿಸಿದರು. ಕಾಯುವ ಶಕ್ತಿ ಅವರಿಗಿತ್ತು, ನಮಗಿರಲಿಲ್ಲ. ಅಮ್ಮನಿಗೆ ಎರಡು ತಿಂಗಳು ಕೆಲಸವಿಲ್ಲದೆ, ನನ್ನ ಪರೀಕ್ಷಾ ಶುಲ್ಕವನ್ನು ಸ್ವಸಹಾಯ ಸಂಘದ ಸಾಲದಿಂದ ಕಟ್ಟಬೇಕಾಯಿತು. ಒಂದು ಮರವೂ ಇಲ್ಲದವನ ತಲೆಯ ಮೇಲೆಯೂ ಅಡಿಕೆಯ ಧಾರಣೆ ಬೀಳುತ್ತದೆಂಬುದನ್ನು ನಾನು ಅರ್ಥಶಾಸ್ತ್ರದ ಪುಸ್ತಕದಿಂದ ಕಲಿಯಲಿಲ್ಲ.

ಧಾರಣೆಯ ಹಗ್ಗವನ್ನು ಎಳೆಯುವ ಕೈಗಳು ಮುಖ್ಯವಾಗಿ ಎರಡು. ಒಂದು ದಿಲ್ಲಿಯ ಆಮದು ನೀತಿ. ಪರದೇಶದ ಅಡಿಕೆ ಅಗ್ಗವಾಗಿ ಒಳನುಗ್ಗದಂತೆ ಕೇಂದ್ರ ಸರಕಾರವು ಕನಿಷ್ಠ ಆಮದು ಬೆಲೆಯೆಂಬ ಗೋಡೆ ಕಟ್ಟಿದೆ. ಕಿಲೋ ಒಂದಕ್ಕೆ 251 ರೂಪಾಯಿ ಇದ್ದುದನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಲಾಯಿತು. ಆದರೆ ಗೋಡೆ ಕಟ್ಟಿದವರೇ ಬಾಗಿಲನ್ನೂ ಇಡಬಲ್ಲರು. 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ನಿಬಂಧನೆಯಿಲ್ಲದೆ ತರಿಸಲು ಅನುಮತಿ ದೊರೆತಾಗ ನಮ್ಮ ಪೇಟೆಯಲ್ಲಿ ಎಷ್ಟು ಕಳವಳವಾಯಿತೆಂಬುದನ್ನು ಎಲ್ಲರೂ ಬಲ್ಲರು.

ಎರಡನೆಯ ಕೈ, ತಿನ್ನುವವನ ಬಾಯಿ. ನಮ್ಮ ಚಾಲಿ ಅಡಿಕೆಯ ಬಹುಪಾಲನ್ನು ತಿನ್ನುವವರು ನಾವಲ್ಲ; ನಾವು ಕಣ್ಣಿನಿಂದ ಕಾಣದ ಉತ್ತರ ಭಾರತದ ಜನ. ಹರಿವಾಣದ ವೀಳ್ಯವು ಪಾನ್ ಮಸಾಲೆಯ ಸಣ್ಣ ಪೊಟ್ಟಣವಾಯಿತು, ಬೇಡಿಕೆ ಬೆಳೆಯಿತು. 2021ರಲ್ಲಿ ನಮ್ಮ ಹಳೆ ಅಡಿಕೆ ಕಿಲೋಗೆ 500 ರೂಪಾಯಿ ದಾಟಿತು. ಆದರೆ ಅದೇ ಪೊಟ್ಟಣದ ಮೇಲೆ ಕಾನೂನಿನ ಕಣ್ಣೂ ಬಿದ್ದಿದೆ: 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪು ಸೇರದ ಅಡಿಕೆಯನ್ನೂ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು.

ಈ ಮಾತೆತ್ತಿದರೆ “ಉಂಡ ಮನೆಗೆ ಎರಡು ಬಗೆಯಬೇಡ” ಎಂದು ಮಿತ್ರನೊಬ್ಬನು ನನ್ನನ್ನು ಗದರಿಸಿದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ನನ್ನ ಶುಲ್ಕವೂ ಅದೇ ಅಡಿಕೆಯಿಂದ ಬಂದದ್ದು. ಆದರೆ ಮಾತನಾಡದಿದ್ದರೆ ತಿನ್ನುವವರ ಅಭ್ಯಾಸ ಬದಲಾಗದೆ ನಿಂತೀತೇ? ಆಮದನ್ನು ಗೋಡೆ ತಡೆದೀತು; ನಾಳೆ ಉತ್ತರದ ಯುವಕನು ಅಡಿಕೆ ಬೇಡವೆಂದರೆ ಅದನ್ನು ಯಾವ ಗೋಡೆ ತಡೆದೀತು?

ಇಂತಹ ಕಷ್ಟ ನಮ್ಮ ಹಿರಿಯರಿಗೆ ಹೊಸದಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ನೆಲಕಚ್ಚಿದಾಗ ಅವರು ಮನವಿ ಬರೆದಷ್ಟಕ್ಕೇ ಕೈಕಟ್ಟಿ ಕೂರಲಿಲ್ಲ. ಮೊಳಹಳ್ಳಿ ಶಿವರಾಯರು ಸಹಕಾರದ ಬೀಜ ಬಿತ್ತಿದ್ದ ನಾಡಿದು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಕ್ಯಾಂಪ್ಕೊ ಸಂಸ್ಥೆಯನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಇನ್ನೊಂದು ಪರೀಕ್ಷೆ ಬಂತು. ಅಡಿಕೆ ಮರದ ನೆರಳಿನಲ್ಲಿ ಕೊಕ್ಕೋ ಬೆಳೆಯಿರೆಂದು ಹುರಿದುಂಬಿಸಿದ್ದ ಖಾಸಗಿ ಖರೀದಿದಾರರು, ಹೊರದೇಶದ ಬೆಲೆ ಬಿದ್ದೊಡನೆ 1980ರ ಸುಮಾರಿಗೆ ಹಿಂದೆ ಸರಿದರು. ಬೆಳೆಗಾರನು ಕಾಯಿ ಕೊಯ್ದು ಯಾರಿಗೆ ಕೊಡಬೇಕು? ಆಗ ಕ್ಯಾಂಪ್ಕೊ ಕೊಕ್ಕೋ ಖರೀದಿಗಿಳಿದು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಸ್ಥಾಪಿಸಿತು.

ಇದರಿಂದ ಕಲಿಯಬೇಕಾದದ್ದು “ಅಡಿಕೆ ಕಡಿದು ಕೊಕ್ಕೋ ನೆಡಿ” ಎಂಬುದಲ್ಲ. ಕೊಕ್ಕೋವಿನ ಬೆಲೆಯೂ ಚಂಚಲವೇ. 2024ರಲ್ಲಿ ಪಶ್ಚಿಮ ಆಫ್ರಿಕದ ಬೆಳೆ ಕೈಕೊಟ್ಟಾಗ ಅದು ನ್ಯೂಯಾರ್ಕಿನ ಪೇಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ಅಷ್ಟೆತ್ತರದಲ್ಲಿ ನಿಲ್ಲದೆ ಮತ್ತೆ ಇಳಿಯಿತು. ಪಾಠವಿಷ್ಟೇ: ಬೆಳೆ ಯಾವುದೇ ಇರಲಿ, ಕೊಳ್ಳುವವನು ಒಬ್ಬನೇ ಆಗಿ, ಸಂಸ್ಕರಿಸುವ ಕೆಲಸವೆಲ್ಲ ಪರರ ಕೈಯಲ್ಲಿದ್ದರೆ, ಬೆಲೆ ಬಿದ್ದ ದಿನ ಬೆಳೆಗಾರನು ಅನಾಥ.

ಆದುದರಿಂದ ನನ್ನ ಅಭಿಪ್ರಾಯವನ್ನು ವಿನಯದಿಂದ ಮುಂದಿಡುತ್ತೇನೆ. ಆಮದಿನ ಗೋಡೆ ಇರಲಿ. ಏಕಾಏಕಿ ಅದನ್ನು ಕೆಡಹಿದರೆ ಮೊದಲು ಒಲೆ ಆರುವುದು ಅಡಿಕೆ ಸುಲಿಯುವವರ ಮನೆಯಲ್ಲಿ. ಆದರೆ ಗೋಡೆಯು ನಮಗೆ ಕೊಡುವುದು ಸಮಯವನ್ನು ಮಾತ್ರ. ಧಾರಣೆ ಚೆನ್ನಾಗಿರುವ ವರ್ಷಗಳಲ್ಲಿ ಗದ್ದೆಯನ್ನೂ ಗುಡ್ಡವನ್ನೂ ಬಿಡದೆ ಇನ್ನಷ್ಟು ಅಡಿಕೆ ಗಿಡ ನೆಡುವುದಕ್ಕೇ ಆ ಸಮಯವನ್ನು ಕಳೆದರೆ ನಮ್ಮಂತಹ ಅವಿವೇಕಿಗಳಿಲ್ಲ. ಕೊಕ್ಕೋ, ಕಾಳುಮೆಣಸು, ತೆಂಗು ಜೊತೆಗಿರಲಿ. ಅವುಗಳನ್ನು ಇಲ್ಲಿಯೇ ಸಂಸ್ಕರಿಸಿ ಮಾರುವ ಕಾರ್ಖಾನೆಗಳು ನಮ್ಮ ಸಹಕಾರದಿಂದಲೇ ಏಳಲಿ. ಅಲ್ಲಿ ತೋಟವಿಲ್ಲದವರ ಮಕ್ಕಳಿಗೂ ಉದ್ಯೋಗವಿರಲಿ.

ಹಳದಿ ರೋಗದಿಂದ ಸುಳ್ಯದ ಕೆಲವು ತೋಟಗಳು ಬರಿದಾದುದನ್ನು ಕಂಡಿದ್ದೇವೆ. ರೋಗವು ಎಲೆಯ ಬಣ್ಣದಲ್ಲಿ ಮುನ್ಸೂಚನೆ ಕೊಡುತ್ತದೆ. ಗಿರಾಕಿಯ ಮನಸ್ಸು ಅದನ್ನೂ ಕೊಡುವುದಿಲ್ಲ. ವಾಣಿಜ್ಯ, ಅರ್ಥಶಾಸ್ತ್ರಗಳನ್ನು ಓದುವ ಸಹಪಾಠಿಗಳು ಆ ಮನಸ್ಸನ್ನು ಅಭ್ಯಸಿಸಬೇಕು. ನಮ್ಮ ಗುರುಗಳು ಅದಕ್ಕೆ ದಾರಿ ತೋರಬೇಕು. ಸುಲಿದು ಸುಲಿದು ಕಪ್ಪಾದ ಅಮ್ಮನ ಬೆರಳುಗಳನ್ನು ನೋಡುವಾಗಲೆಲ್ಲ, ಅವರು ನನ್ನನ್ನು ಕಾಲೇಜಿಗೆ ಕಳುಹಿಸಿದ್ದು ಬೆಳಗಾದರೆ ಪತ್ರಿಕೆಯಲ್ಲಿ ಧಾರಣೆ ಓದಿ ಹೇಳುವುದಕ್ಕಾಗಿ ಮಾತ್ರ ಅಲ್ಲವೆಂದು ನನಗೆ ತೋರುತ್ತದೆ.