ತಂಗಿಯ ಮದುವೆ ಮುಗಿಯಲಿ ಎನ್ನುವವರಿಗೆ

ಊರು ಬಿಟ್ಟು ಬೆಂಗಳೂರು ಸೇರಿದರೆ ಜಾತಿ ತಾನಾಗಿಯೇ ಕರಗುತ್ತದೆ ಎಂದು ನಂಬಿಕೊಂಡೇ ಎರಡು ತಲೆಮಾರು ಕಳೆದೆವು. ಆಫೀಸಿನ ಕ್ಯಾಂಟೀನಿನಲ್ಲಿ, ಮೆಟ್ರೊದಲ್ಲಿ, ಅಪಾರ್ಟ್‌ಮೆಂಟಿನ ಗಣೇಶೋತ್ಸವದಲ್ಲಿ ಯಾರೂ ಜಾತಿ ಕೇಳುವುದಿಲ್ಲ, ನಿಜ. ಆದರೆ ಮಗಳು ಹುಡುಗನೊಬ್ಬನ ಹೆಸರು ಹೇಳಿದ ದಿನ ಮನೆಯಲ್ಲಿ ಮೊದಲು ಏಳುವುದು ಅದೇ ಪ್ರಶ್ನೆ: ಅವರು ಯಾವ ಜನ?

2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ತಮ್ಮದು ಅಂತರ್ಜಾತಿ ಮದುವೆ ಎಂದ ಮಹಿಳೆಯರು ನೂರಕ್ಕೆ ಸುಮಾರು 5. ನಗರದಲ್ಲೂ ಹಳ್ಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತಾದ ಪತ್ರಿಕೆಯಲ್ಲಿ ವಧು-ವರರ ಜಾಹೀರಾತು ಕೊಟ್ಟ ಮಧ್ಯಮವರ್ಗದ ಕುಟುಂಬಗಳನ್ನು ಅಭ್ಯಾಸ ಮಾಡಿದ್ದರು. ಹೆಣ್ಣಿನ ಕಡೆಯವರಿಗೆ ಸ್ವಜಾತಿಯ ಮೇಲಿದ್ದ ಒಲವು, ಓದೇ ಇಲ್ಲದವನಿಗೂ ಸ್ನಾತಕೋತ್ತರ ಪದವೀಧರನಿಗೂ ಇರುವ ಅಂತರವನ್ನೇ ನುಂಗುವಷ್ಟು ಬಲವಾಗಿತ್ತು.

ನಗರ ಕಲಿತದ್ದು ಬೈಯದೆ ಬೇಡವೆನ್ನುವುದನ್ನು. 'ನಮಗೇನೂ ಇಲ್ಲಪ್ಪ, ಊರಲ್ಲಿ ಅಜ್ಜಿ ಒಪ್ಪಲ್ಲ.' 'ಅಪ್ಪನಿಗೆ ಬಿಪಿ, ಸ್ವಲ್ಪ ದಿನ ತಡಿ.' 'ತಂಗಿ ಮದುವೆ ಮುಗಿದುಬಿಡಲಿ, ಆಮೇಲೆ ನೋಡೋಣ.' ಈ ಮೂರು ಮಾತಿಗೆ ಬಲಿಯಾದ ಪ್ರೀತಿಯ ಲೆಕ್ಕ ಯಾವ ಪೊಲೀಸ್ ಠಾಣೆಯಲ್ಲೂ ಸಿಗುವುದಿಲ್ಲ. ತಂದೆತಾಯಿ ಕೈ ಎತ್ತುವುದಿಲ್ಲ, ಬಾಗಿಲು ಹಾಕುವುದಿಲ್ಲ. ಊಟ ಬಿಡುತ್ತಾರೆ, ಮಾತು ಬಿಡುತ್ತಾರೆ. ಮಗಳು ಸೋತು ಕೈಚೆಲ್ಲುತ್ತಾಳೆ. ಅದನ್ನು ಒಪ್ಪಿಗೆ ಎಂದು ಕರೆದು ಛತ್ರ ಬುಕ್ ಮಾಡುತ್ತೇವೆ. ಇದು ಸಂಸ್ಕಾರವಲ್ಲ, ಹಿಂಸೆ.

'ಈಗ ಎಲ್ಲರೂ ಒಪ್ಪುತ್ತಾರಲ್ಲ' ಎನ್ನುವವರು ಯಾರನ್ನು ಒಪ್ಪುತ್ತಾರೆ ಎಂಬುದನ್ನೂ ಹೇಳಬೇಕು. ಲಿಂಗಾಯತರ ಹುಡುಗ, ಬ್ರಾಹ್ಮಣರ ಹುಡುಗಿ ಎಂದರೆ ನಾಲ್ಕು ದಿನ ಮುನಿಸು, ಐದನೆಯ ದಿನ ಲಗ್ನಪತ್ರಿಕೆ. ಹುಡುಗ ದಲಿತ ಎಂದು ಗೊತ್ತಾದರೆ ಅದೇ ಮನೆಯಲ್ಲಿ ಸಾವಿನ ಸೂತಕ. ಉದಾರತೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಅದನ್ನು ಅಳೆಯಬೇಕು.

ಓದು ಇದನ್ನು ಬದಲಿಸುತ್ತದೆಯೇ? ದೆಹಲಿಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ಅದೇ 2011-12ರ ಸಮೀಕ್ಷೆಯ ಮಾಹಿತಿ ಹಿಡಿದು ಹುಡುಕಿದಾಗ, ಮದುವೆಯಾಗುವವರ ಓದಿಗೂ ಅಂತರ್ಜಾತಿ ಮದುವೆಗೂ ಗಟ್ಟಿ ನಂಟು ಕಾಣಲಿಲ್ಲ. ನಂಟು ಕಂಡದ್ದು ಹುಡುಗನ ತಾಯಿಯ ಓದಿನಲ್ಲಿ. ಮಗನನ್ನು ಎಂಜಿನಿಯರ್ ಮಾಡಿದರಷ್ಟೇ ಸಾಲದು. ಅವನಮ್ಮನನ್ನು ಅರ್ಧಕ್ಕೆ ಶಾಲೆ ಬಿಡಿಸಿದ್ದರ ಬೆಲೆಯನ್ನು ಬರಲಿರುವ ಸೊಸೆ ತೆರುತ್ತಾಳೆ ಎಂದು ನಾನಿದನ್ನು ಓದಿಕೊಳ್ಳುತ್ತೇನೆ.

ಹೀಗಿರುವಾಗ, ಪ್ರೇಮವಿವಾಹಕ್ಕೆ ಹೆತ್ತವರ ಒಪ್ಪಿಗೆಯನ್ನು ಕಾನೂನಿನಲ್ಲೇ ಕಡ್ಡಾಯ ಮಾಡಿ ಎಂಬ ಕೂಗು ಎದ್ದಿದೆ. 2023ರಲ್ಲಿ ಗುಜರಾತಿನ ಮುಖ್ಯಮಂತ್ರಿಯೇ ಇದನ್ನು ಪರಿಶೀಲಿಸುವ ಮಾತಾಡಿದರು. ಮನೆಯೊಳಗಿನ ಒತ್ತಡಕ್ಕೆ ಸರ್ಕಾರದ ಮೊಹರು ಒತ್ತುವ ಈ ಯೋಚನೆಯನ್ನು ಕರ್ನಾಟಕ ಹತ್ತಿರಕ್ಕೂ ಬಿಟ್ಟುಕೊಳ್ಳಬಾರದು. ಬೆಳಗಾವಿ ಜಿಲ್ಲೆಯ, ಓದಿ ಕೆಲಸದಲ್ಲಿದ್ದ ಯುವತಿಯೊಬ್ಬಳು ತಾನು ಮೆಚ್ಚಿದವನನ್ನು ಮದುವೆಯಾದಾಗ ತಂದೆ ನಾಪತ್ತೆ ದೂರು ಕೊಟ್ಟರು. ಮದುವೆಯ ವಿಷಯ ತಿಳಿದ ಮೇಲೂ ತನಿಖಾಧಿಕಾರಿ ಠಾಣೆಗೆ ಬಂದು ಹೇಳಿಕೆ ಕೊಡೆಂದು ಹಟ ಹಿಡಿದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಎಫ್‌ಐಆರ್ ರದ್ದುಪಡಿಸಿತು. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ, ಕುಲದ ಒಪ್ಪಿಗೆ ಬೇಕಿಲ್ಲ ಎಂದಿತು. ಇಂಥ ಪ್ರಕರಣಗಳನ್ನು ನಿಭಾಯಿಸಲು ಪೊಲೀಸರಿಗೆ ಎಂಟು ವಾರದೊಳಗೆ ಮಾರ್ಗಸೂಚಿ ರೂಪಿಸಿ, ತರಬೇತಿ ಕೊಡಲೂ ಹೇಳಿತು. ಆ ತೀರ್ಪು ಹುಟ್ಟಿದ್ದು ನಮ್ಮ ನೆಲದ ಕತೆಯಿಂದ.

ಬಸವ ಜಯಂತಿಯ ವೇದಿಕೆಗಳಲ್ಲಿ ಶರಣ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಆದ ಮದುವೆಯನ್ನು ಹಾಡಿ ಹೊಗಳುವ ಮುಖಂಡರು, ತಮ್ಮ ಸಂಘದ ವಧು-ವರ ಸಮಾವೇಶದ ಅರ್ಜಿಯಲ್ಲಿ ಒಳಪಂಗಡದ ಕಾಲಂ ಯಾಕಿದೆ ಎಂದು ಉತ್ತರಿಸಲಿ. ಆ ಮದುವೆಗಾಗಿ ಕಲ್ಯಾಣದಲ್ಲಿ ಬೀಗರಿಬ್ಬರೂ ಪ್ರಾಣ ತೆತ್ತರು ಎನ್ನುತ್ತದೆ ಪರಂಪರೆ. ಅವರ ಹೆಸರು ಹೇಳಿಕೊಂಡು ಜಾತಿಯ ಬೇಲಿ ಕಾಯುವುದು ಅವರಿಗೆ ಮಾಡುವ ಅವಮಾನ.

ಮಾಡಬೇಕಾದ ಕೆಲಸ ಕಣ್ಣೆದುರಿಗಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬಯಸುವವರ ಹೆಸರು, ವಿಳಾಸವನ್ನು 30 ದಿನ ಮೊದಲೇ ನೋಟಿಸು ಫಲಕದಲ್ಲಿ ಹಾಕುವ ನಿಯಮವಿದೆ. ಮನೆಯವರಿಗೆ ಹೆದರಿ ಬಂದ ಜೋಡಿಯನ್ನು ಅದು ಹಿಡಿದುಕೊಡುತ್ತದೆ. ಜೋಡಿ ಬರೆದು ಕೇಳದ ಹೊರತು ಪ್ರಕಟಿಸಬೇಕಿಲ್ಲ ಎಂದು ಅಲಹಾಬಾದ್ ಹೈಕೋರ್ಟ್ 2021ರಲ್ಲೇ ಹೇಳಿದೆ. ಸಂಸತ್ತು ಆ ನಿಯಮವನ್ನೇ ಕಿತ್ತುಹಾಕಲಿ. ಇಂಥ ಜೋಡಿಗಳಿಗೆ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕೆಂದೂ, ಸುರಕ್ಷಿತ ಮನೆ ತೆರೆಯುವುದನ್ನು ಸರ್ಕಾರಗಳು ಪರಿಗಣಿಸಬಹುದೆಂದೂ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತ್ತು. ನಮ್ಮ ಯಾವ ಜಿಲ್ಲೆಯಲ್ಲಿ ಅದು ಎಲ್ಲಿದೆ, ಯಾವ ಫೋನ್ ನಂಬರಿಗೆ ಕರೆ ಮಾಡಬೇಕು ಎಂಬುದನ್ನು ಗೃಹ ಇಲಾಖೆ ಪ್ರತಿ ಕಾಲೇಜಿನ ಗೋಡೆಯ ಮೇಲೂ ಬರೆಸಲಿ.